ದಾವಣಗೆರೆಯಲ್ಲಿ ನಾಯಿಗಳ ಅಜಿಲಿಟಿ ಕ್ಲಬ್: ನೆಲದ ಪಾಠ ಮೊದಲು, ಎತ್ತರ ಆಮೇಲೆ

ಅಜಿಲಿಟಿ ಎಂದರೆ ನಾಯಿ ಹಗ್ಗದ ಹಂಗಿಲ್ಲದೆ, ಜೊತೆಗೆ ಓಡುವವರ ಮಾತು ಮತ್ತು ಮೈಸನ್ನೆ ನೋಡಿಕೊಂಡು, ಗೊತ್ತುಮಾಡಿದ ಕ್ರಮದಲ್ಲಿ ಅಡೆತಡೆಗಳನ್ನು ದಾಟುವ ಆಟ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಕುದುರೆ ಜಿಗಿತದ ಸ್ಪರ್ಧೆಯನ್ನು ಮಾದರಿಯಾಗಿಟ್ಟುಕೊಂಡು ಇದನ್ನು ಮೊದಲು ಆಡಿಸಿ ತೋರಿಸಿದರು. ದಾವಣಗೆರೆಯಲ್ಲಿ ತರಬೇತಾದ ನಾಯಿ ಎಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ಪೊಲೀಸ್ ಶ್ವಾನದಳದ ತುಂಗಾ. 2020ರಲ್ಲಿ ಚನ್ನಗಿರಿ ಕಡೆಯ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಜಾಡು ಹಿಡಿದು ಓಡಿದ ಡಾಬರ್‌ಮನ್ ಅದು. ಅದರದ್ದು ಮೂಗಿನ ಕೆಲಸ, ತಿಂಗಳುಗಟ್ಟಲೆ ಸರ್ಕಾರಿ ತರಬೇತಿ ಬೇಡುವಂಥದ್ದು. ಅಜಿಲಿಟಿಗೆ ಅಷ್ಟೆಲ್ಲ ಬೇಕಿಲ್ಲ. ಮನೆಯಲ್ಲಿ ಸಾಕಿದ ಪಾಮೇರಿಯನ್, ಬೀದಿಯಿಂದ ತಂದ ನಾಡುನಾಯಿ, ಮುಧೋಳ, ಲ್ಯಾಬ್ರಡಾರ್ ಎಲ್ಲವೂ ಆಡಬಹುದು.

ಹೊಸ ಕ್ಲಬ್‌ಗಳು ಎಡವುವುದು ಒಂದೇ ಕಡೆ. ಮೊದಲ ಭಾನುವಾರವೇ ಕಂಬ ನೆಟ್ಟು, ನಾಯಿಯನ್ನು ಎದೆಮಟ್ಟ ಹಾರಿಸಿ, ವಿಡಿಯೊ ತೆಗೆಯುತ್ತಾರೆ. ಎರಡು ತಿಂಗಳಿಗೆ ನಾಯಿ ಕುಂಟುತ್ತದೆ, ಇಲ್ಲವೇ ಕಂಬ ಕಂಡರೆ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಬೇರೆ ನಾಯಿಯ ಮೇಲೆ ಎರಗುತ್ತದೆ. ಈ ಆಟದ ಬಹುಪಾಲು ಕಲಿಕೆ ನೆಲದ ಮೇಲೆಯೇ ಆಗುತ್ತದೆ. ಕಾಯುವುದು, ತಿರುಗುವುದು, ಹಿಂಗಾಲು ಎಲ್ಲಿದೆ ಎಂದು ತಿಳಿಯುವುದು, ನಿಮ್ಮ ಭುಜ ಓದುವುದು, ಇವು ಬಂದ ನಾಯಿಗೆ ಎತ್ತರ ತಾನಾಗಿ ಬರುತ್ತದೆ.

ಜಾಗ ಮತ್ತು ಮಣ್ಣು

ಪೂರ್ಣ ಕೋರ್ಸಿಗೆ, ಅಂದರೆ ಎಲ್ಲ ಅಡೆತಡೆ ಇಟ್ಟ ಓಟದ ದಾರಿಗೆ, 20 ಮೀಟರ್ ಅಗಲ, 40 ಮೀಟರ್ ಉದ್ದದ ಜಾಗ ಬೇಕು. ಅದು ಸಿಗುವತನಕ ಕಾಯಬೇಡಿ. ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಶಾಮನೂರು ಕಡೆಯ 30×40 ಅಡಿಯ ಖಾಲಿ ಸೈಟೊಂದು, ಅಂದರೆ ಸುಮಾರು 9×12 ಮೀಟರ್, ಮೊದಲ ಮೂರು ತಿಂಗಳ ಪಾಠಕ್ಕೆ ಸಾಕು. ಜಿಗಿತದ ಎರಡು ಚೌಕಟ್ಟು, ನಾಯಿ ನಡೆದು ದಾಟುವ ಒಂದು ಹಲಗೆ ಅದರಲ್ಲಿ ಹಿಡಿಸುತ್ತವೆ. ಸೈಟಿನ ಯಜಮಾನರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪಕ್ಕದ ಮನೆಯವರ ಮೊದಲ ದೂರಿಗೇ ಮುರಿದುಬೀಳುತ್ತದೆ. ಸುತ್ತ ಬೇಲಿ ಇರಲೇಬೇಕು. ಕಾಂಪೌಂಡ್ ಇಲ್ಲದಿದ್ದರೆ ತೋಟಕ್ಕೆ ಹಾಕುವ ಹಸಿರು ನೆರಳುಬಲೆಯನ್ನು 1.5 ಮೀಟರ್ ಎತ್ತರಕ್ಕೆ ಗೂಟಕ್ಕೆ ಕಟ್ಟಿದರೂ ನಾಯಿಯ ಕಣ್ಣಿಗೆ ತಡೆ ಸಿಗುತ್ತದೆ. ಆದರೆ ಮುಧೋಳದಂಥ ಬೇಟೆನಾಯಿಗೆ ಬಲೆ ಸಾಲದು. ದೂರದಲ್ಲಿ ಬೆಕ್ಕೋ ಮೊಲವೋ ಓಡಿದರೆ ಅದು ಬಲೆಯ ಸಮೇತ ಹೋಗುತ್ತದೆ. ಅದಕ್ಕೆ ಗೋಡೆಯೇ ಬೇಕು, ಇಲ್ಲವೇ 10 ಮೀಟರ್ ಉದ್ದದ ಹಗ್ಗ ಬೇಕು.

ಮಣ್ಣಿನ ವಿಷಯದಲ್ಲಿ ನಮ್ಮ ಜಿಲ್ಲೆ ಎರಡು ಬಗೆ. ಕೆಂಪು ಮಸಾರಿ ನೆಲದಲ್ಲಿ ಗರಿಕೆ ಹಬ್ಬಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಓಡುವಾಗ ಮುಂಗಾಲು ಬಿರುಕಿಗೆ ಸಿಕ್ಕರೆ ಬೆರಳು ಅಥವಾ ಮಣಿಕಟ್ಟು ಹೋಯಿತೆಂದೇ ಲೆಕ್ಕ. ಮಳೆ ಬಿದ್ದ ಮೇಲೆ ಅದೇ ಮಣ್ಣು ಪಾದಕ್ಕೆ ಮೆತ್ತಿಕೊಂಡು ಜಾರಿಸುತ್ತದೆ. ಎರೆನೆಲವೇ ಸಿಕ್ಕಿದರೆ, ನಾಯಿ ಹಾರುವ ಮತ್ತು ಇಳಿಯುವ ಜಾಗಕ್ಕೆ ಮಾತ್ರ, ಪ್ರತಿ ಕಡೆ 3 ಮೀಟರ್ ಉದ್ದ 2 ಮೀಟರ್ ಅಗಲಕ್ಕೆ, 5 ಸೆಂ.ಮೀ. ದಪ್ಪ ಮಸಾರಿ ಮಣ್ಣು ಹರಡಿಸಿ ನೀರು ಹಾಕಿ ಗಟ್ಟಿಮಾಡಿ. ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಇಂಥ ಏಳೆಂಟು ಜಾಗ ಮುಗಿಯುತ್ತವೆ. ಕಾಂಕ್ರೀಟ್, ಇಂಟರ್‌ಲಾಕ್ ಇಟ್ಟಿಗೆ, ಡಾಂಬರಿನ ಮೇಲೆ ಒಂದು ಜಿಗಿತವೂ ಬೇಡ.

ನೆಗ್ಗಿಲು ಮುಳ್ಳನ್ನು ಮರೆಯಬೇಡಿ. ಮಳೆಗಾಲ ಮುಗಿದ ಮೇಲೆ ಖಾಲಿ ಸೈಟುಗಳ ತುಂಬ ಹಬ್ಬಿ, ಹಳದಿ ಹೂ ಬಿಟ್ಟು, ಒಣಗಿ ಮುಳ್ಳಾಗುತ್ತದೆ. ಹೂ ಬಿಟ್ಟಾಗಲೇ ಬೇರುಸಮೇತ ಕಿತ್ತುಬಿಡಿ. ಆಗಲೇ ಮುಳ್ಳು ಉದುರಿದ್ದರೆ ಹಳೆಯ ಕಂಬಳಿಯೊಂದನ್ನು ಒದ್ದೆಮಾಡಿ ನೆಲದ ಮೇಲೆ ಅಡ್ಡಡ್ಡ, ಉದ್ದುದ್ದ ಎಳೆಯಿರಿ, ಬಹಳಷ್ಟು ಮುಳ್ಳು ಅದಕ್ಕೇ ಚುಚ್ಚಿಕೊಂಡು ಬರುತ್ತದೆ. ಆಮೇಲೆ ಚಪ್ಪಲಿ ತೆಗೆದು ನೀವೇ ಒಂದು ಸುತ್ತು ಬರಿಗಾಲಲ್ಲಿ ನಡೆಯಿರಿ. ನಿಮ್ಮ ಪಾದ ಒಪ್ಪದ ನೆಲದ ಮೇಲೆ ನಾಯಿಯನ್ನು ಓಡಿಸಬಾರದು. ಜಾಲಿ ಮುಳ್ಳು, ಬಾಟಲಿ ಚೂರು, ಕಟ್ಟಡ ಕೆಲಸದ ಮೊಳೆಗಳೂ ಇದೇ ಸುತ್ತಿನಲ್ಲಿ ಸಿಗುತ್ತವೆ.

ಆ ಜಾಗದ ಬೀದಿನಾಯಿಗಳು ಹೊಸಬರಾದ ನಿಮಗಿಂತ ಹಳಬರು. ಅವನ್ನು ಓಡಿಸಿದರೆ ಗುಂಪುಕಟ್ಟಿಕೊಂಡು ತಿರುಗಿ ಬರುತ್ತವೆ. ಕಲ್ಲು ಬೀಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಕ್ಲಬ್ಬಿನ ಒಬ್ಬರೇ ಸದಸ್ಯರು, ತರಗತಿಗೆ ಅರ್ಧ ಗಂಟೆ ಮುಂಚೆ, ಮೈದಾನದಿಂದ 100 ಮೀಟರ್ ಆಚೆ, ದಿನವೂ ಅದೇ ಜಾಗದಲ್ಲಿ ಅನ್ನ ಹಾಕಲಿ. ಹತ್ತು ಹದಿನೈದು ದಿನದಲ್ಲಿ ಅವು ಆ ಹೊತ್ತಿಗೆ ಅಲ್ಲೇ ಮಲಗುವುದನ್ನು ರೂಢಿಸಿಕೊಳ್ಳುತ್ತವೆ. ಆ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸುವುದು ಕ್ಲಬ್ಬಿನ ಮೊದಲ ಸಾರ್ವಜನಿಕ ಕೆಲಸವಾಗಲಿ. ಬಡಾವಣೆಯವರ ನಂಬಿಕೆಯೂ ಅದರಿಂದಲೇ ಬರುತ್ತದೆ.

ಬಿಸಿಲಿನ ಲೆಕ್ಕ

ಅಕ್ಟೋಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ನಮ್ಮ ಕಡೆ ಒಳ್ಳೆಯ ಕಾಲ. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ 6ಕ್ಕೆ ಶುರುಮಾಡಿ 7.15ಕ್ಕೆ ಮುಗಿಸಿ. ಆ ತಿಂಗಳುಗಳಲ್ಲಿ ಸಂಜೆ ತರಗತಿ ಬೇಡ, ಸೂರ್ಯ ಮುಳುಗಿದರೂ ನೆಲ ಕಾವು ಬಿಡುವುದಿಲ್ಲ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ಆ ದಿನ ತರಗತಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತಂಪು ಎಂದು ಮೈಮರೆಯಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ಅಂದರೆ ಬಾಯಿಯ ತೇವ ಆವಿಯಾಗುವುದರಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಆ ಕೆಲಸ ಸರಿಯಾಗಿ ಆಗದು.

ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಒಸಡು ಗಾಢ ಕೆಂಪಾಗುವುದು, ಜೊಲ್ಲು ಅಂಟಂಟಾಗುವುದು, ಹೆಜ್ಜೆ ತೊಡರುವುದು, ಕರೆದರೂ ನೋಡದಿರುವುದು ಕಂಡರೆ ಆಟ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ತಂದು ಕೊಡಗಟ್ಟಲೆ ನಲ್ಲಿ ನೀರನ್ನು ಮೈಗೆಲ್ಲ, ಹೊಟ್ಟೆ ಮತ್ತು ತೊಡೆಸಂದಿಗೂ ಸುರಿಯಿರಿ, ರಟ್ಟಿನಿಂದ ಗಾಳಿ ಬೀಸುತ್ತಿರಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಕಾವನ್ನು ಒಳಗೆ ಹಿಡಿದಿಡುತ್ತದೆ. ಬಾಯಿಗೆ ನೀರು ಒತ್ತಾಯದಿಂದ ಹಾಕಬೇಡಿ. ತಣಿಸುತ್ತಲೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮೈದಾನದಲ್ಲಿ 100 ಲೀಟರ್ ನೀರು ತುಂಬಿದ ಡ್ರಮ್ ಇಲ್ಲದೆ ಬೇಸಿಗೆಯಲ್ಲಿ ತರಗತಿ ನಡೆಸಕೂಡದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಮಾರ್ಚ್‌ನಿಂದ ಮೇವರೆಗೆ ರಜೆ ಕೊಟ್ಟುಬಿಡಿ.

ಯಾವ ನಾಯಿ, ಯಾವ ವಯಸ್ಸಿಗೆ

ಮರಿಗೆ ಲಸಿಕೆ ಮುಗಿದ ಮೇಲೆ, ಸುಮಾರು ನಾಲ್ಕು ತಿಂಗಳಿಂದ ನೆಲದ ಪಾಠ ಕಲಿಸಬಹುದು. ಜಿಗಿತ ಮಾತ್ರ ಎಲುಬಿನ ಬೆಳವಣಿಗೆ ಮುಗಿದ ಮೇಲೆ. ಎಲುಬಿನ ತುದಿಯಲ್ಲಿರುವ ಮೃದು ಬೆಳವಣಿಗೆಯ ಪಟ್ಟಿ ಗಟ್ಟಿಯಾಗುವ ಮುಂಚೆ ಪದೇಪದೇ ಧುಮುಕಿಸಿದರೆ ಕಾಲು ಸೊಟ್ಟಗಾಗುವ, ಕೀಲು ಬೇಗ ಸವೆಯುವ ಭಯವಿದೆ. ಸಣ್ಣ ನಾಯಿಗೆ 12 ತಿಂಗಳು, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಮುಧೋಳದಂಥ ದೊಡ್ಡವಕ್ಕೆ 18 ತಿಂಗಳು ತುಂಬಲಿ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಕೂಡ 18 ತಿಂಗಳಿಗೆ ಮುಂಚೆ ಸ್ಪರ್ಧೆಗೆ ಬಿಡುವುದಿಲ್ಲ. ಅಲ್ಲಿಯವರೆಗೆ ಹಾರಬೇಕಾದ ಅಡ್ಡಪೈಪು ನೆಲದ ಮೇಲೆಯೇ ಇರಲಿ.

ತೂಕ ನೋಡಿ. ಪಕ್ಕೆಲುಬಿನ ಮೇಲೆ ಕೈಯಾಡಿಸಿದರೆ ಒತ್ತದೆಯೇ ಎಲುಬು ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಊರಿನ ಲ್ಯಾಬ್ರಡಾರ್‌ಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ನಪಾಸಾಗುತ್ತವೆ. ಅವನ್ನು ವಾಪಸ್ ಕಳಿಸಬೇಡಿ. ನಡಿಗೆ, ಹಲಗೆ, ಟನೆಲ್ (ನಾಯಿ ನುಸುಳಿ ಓಡುವ ಬಟ್ಟೆಯ ಸುರಂಗ) ಆಡಿಸುತ್ತ ತೂಕ ಇಳಿಸಿ. ನಾಡುನಾಯಿಗಳು ಹಗುರ ಮೈ, ಗಟ್ಟಿ ಪಾದ, ಚುರುಕು ತಿರುಗು ಇರುವಂಥವು. ಬೆದರು ಸ್ವಭಾವದವನ್ನು ತಾಳ್ಮೆಯಿಂದ ಒಲಿಸಿಕೊಂಡರೆ ಈ ಆಟಕ್ಕೆ ಅವಕ್ಕಿಂತ ಹೊಂದುವವು ಕಡಿಮೆ ಎಂಬುದು ನಮ್ಮ ಗಟ್ಟಿ ನಂಬಿಕೆ. ಮುಧೋಳ ನೇರ ಓಟಕ್ಕೆ ಹುಟ್ಟಿದ್ದು. ಅದರ ದಾಪು ಉದ್ದ, ಜಿಗಿತ ಚಪ್ಪಟೆ, ಆದ್ದರಿಂದ ಪೈಪು ಬೀಳಿಸುತ್ತದೆ. ಅದಕ್ಕೆ ಅಡೆತಡೆಗಳ ನಡುವೆ 7 ಮೀಟರ್ ಬಿಡಿ.

ಮೊದಲ ಆರು ವಾರ: ಸಾಮಾನಿಲ್ಲದ ಪಾಠ

ಮೊದಲು ಒಂದು ಗುರುತಿನ ಸದ್ದು. ನಾಯಿ ಸರಿಯಾದದ್ದನ್ನು ಮಾಡಿದ ಆ ಕ್ಷಣಕ್ಕೇ "ಭೇಷ್" ಎನ್ನಿ, ಒಂದು ಸೆಕೆಂಡಿನೊಳಗೆ ತಿನಿಸು ಕೊಡಿ. ಸದ್ದು ತಡವಾದರೆ ನಾಯಿ ಆಮೇಲೆ ಮಾಡಿದ್ದನ್ನೇ ಸರಿ ಎಂದುಕೊಳ್ಳುತ್ತದೆ. ಕೂರಿಸಬೇಕೆಂದು ಹೊರಟು ಎದ್ದೇಳುವುದನ್ನು ಕಲಿಸುವವರು ಇಲ್ಲೇ ತಪ್ಪುವುದು. ತಿನಿಸು ಬೇಯಿಸಿದ ಕೋಳಿ ಅಥವಾ ಕೋಳಿ ಈಲಿ, ಉಪ್ಪು ಮಸಾಲೆ ಇಲ್ಲದ್ದು, ತೊಗರಿಕಾಳಿನಷ್ಟು ಚಿಕ್ಕ ಚೂರು. ಸಸ್ಯಾಹಾರಿ ಮನೆಯವರು ಪನೀರ್ ತರಬಹುದು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಯಾರೂ ಕೊಡಬಾರದು, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ತರಬೇತಿಯ ತಿನಿಸನ್ನು ದಿನದ ಊಟದ ಲೆಕ್ಕದಲ್ಲೇ ಕಳೆಯಿರಿ. ಒಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಸಲ. ನಾಯಿ ಇನ್ನೂ ಬೇಕೆನ್ನುವಾಗಲೇ ನಿಲ್ಲಿಸಬೇಕು.

ಕಲಿಸಬೇಕಾದ್ದು ಐದು. ಕೈಗೆ ಮೂಗು ತಾಗಿಸುವುದು: ಅಂಗೈ ಚಾಚಿದರೆ ಬಂದು ಮುಟ್ಟಲಿ, ಮುಂದೆ ತಿರುವುಗಳನ್ನೆಲ್ಲ ಇದರಿಂದಲೇ ತೋರಿಸುತ್ತೀರಿ. ಸುತ್ತಿ ಬರುವುದು: ಮಗುಚಿಟ್ಟ ಬಕೆಟ್ ಸುತ್ತಿ ವಾಪಸ್ ಬರಲಿ, ಮೊದಲು ಅರ್ಧ ಮೀಟರ್ ದೂರದಿಂದ, ಆಮೇಲೆ 5 ಮೀಟರ್‌ವರೆಗೆ, ಎಡದಿಂದಲೂ ಬಲದಿಂದಲೂ. ಹಿಂಗಾಲಿನ ಅರಿವು: ನಾಲ್ಕು ಇಟ್ಟಿಗೆಯಷ್ಟು ಅಗಲದ ತಗ್ಗು ಹಲಗೆಯ ಮೇಲೆ ಮುಂಗಾಲಿಟ್ಟು, ಹಿಂಗಾಲನ್ನಷ್ಟೇ ಸರಿಸುತ್ತ ಸುತ್ತ ತಿರುಗಲಿ. ಬಹಳ ನಾಯಿಗಳಿಗೆ ಹಿಂಗಾಲು ಬೇರೆ ಇದೆ ಎಂಬುದೇ ತಿಳಿದಿರುವುದಿಲ್ಲ, ಮುಂದೆ ಹಲಗೆಯಿಂದ ಬೀಳುವುದು ಇವೇ. ಕೂತು ಕಾಯುವುದು: ನೀವು 8 ಮೀಟರ್ ಮುಂದೆ ಹೋಗಿ ನಿಂತರೂ ಕರೆಯುವವರೆಗೆ ಏಳಬಾರದು. ಇದರಲ್ಲಿ ಆಗುವ ತಪ್ಪೆಂದರೆ ಪ್ರತಿಸಲ ಕರೆದೇ ತಿನಿಸು ಕೊಡುವುದು, ಆಗ ನಾಯಿಗೆ ಏಳುವುದೇ ಲಾಭ ಎನ್ನಿಸುತ್ತದೆ. ಮೂರರಲ್ಲಿ ಎರಡು ಸಲ ನೀವೇ ವಾಪಸ್ ನಡೆದು ಬಂದು ಕೂತ ಜಾಗದಲ್ಲೇ ಕೊಡಿ. ಐದನೆಯದು ಕರೆದರೆ ಬರುವುದು. ಅದಿಲ್ಲದೆ ಹಗ್ಗ ಬಿಚ್ಚಲೇಬೇಡಿ.

ಹೇಳುವ ಮಾತುಗಳು ಕಿವಿಗೆ ಬೇರೆಬೇರೆಯಾಗಿ ಕೇಳಿಸಬೇಕು. "ಹಾರು", "ಹತ್ತು" ಎರಡನ್ನೂ ಇಟ್ಟುಕೊಂಡರೆ ಓಟದ ರಭಸದಲ್ಲಿ ನಾಯಿಗೆ ಎರಡೂ ಒಂದೇ. ಜಿಗಿತಕ್ಕೆ "ಹಾರು", ಟನೆಲ್‌ಗೆ "ಗುಹೆ", ಹಲಗೆಗೆ "ಮೇಲೆ", ಸಾಲುಕಂಬಕ್ಕೆ (ನಾಯಿ ಎಡಬಲ ಬಳುಕಿ ನುಸುಳುವ ಕಂಬಗಳ ಸಾಲು) "ಜಡೆ", ತುದಿಯಲ್ಲಿ ನಿಲ್ಲುವುದಕ್ಕೆ "ತಡಿ" ಎಂದಿಟ್ಟರೆ ಗೊಂದಲವಿಲ್ಲ. ಮನೆಯವರೆಲ್ಲ ಅದೇ ಮಾತನ್ನು ಬಳಸಲಿ.

ಸಾಮಾನು ಮಾಡಿಸುವುದು

ಆರು ಜಿಗಿತದ ಚೌಕಟ್ಟು ಮತ್ತು ಹನ್ನೆರಡು ಸಾಲುಕಂಬ ಊರಿನ ಪೈಪಿನಂಗಡಿಯ 32 ಎಂಎಂ ಪಿವಿಸಿಯಲ್ಲೇ ಆಗುತ್ತವೆ. ಪೈಪು 6 ಮೀಟರ್ ಉದ್ದದಲ್ಲಿ ಬರುತ್ತದೆ. ಒಂದು ಜಿಗಿತಕ್ಕೆ ಎರಡು ಪಕ್ಕದ ಚೌಕಟ್ಟು, ನಡುವೆ 1.2 ಮೀಟರ್ ಅಡ್ಡಪೈಪು. ಒಂದೊಂದು ಪಕ್ಕಕ್ಕೆ 1 ಮೀಟರಿನ ಎರಡು ನಿಲುವು, ಅವನ್ನು ಮೇಲೆ ಮತ್ತು ನಡುವೆ ಕೂಡಿಸಲು 40 ಸೆಂ.ಮೀ.ಯ ಎರಡು ತುಂಡು, ಮುಂದೆ ಹಿಂದೆ ಚಾಚುವ ಪಾದಕ್ಕೆ 25 ಸೆಂ.ಮೀ.ಯ ನಾಲ್ಕು ತುಂಡು. ಒಂದು ಪಕ್ಕದ ಜೋಡಣೆಗೆ ನಾಲ್ಕು ಟೀ (ಮೂರು ಬಾಯಿಯ ಕೂಡುತುಂಡು), ಎರಡು ಎಲ್ಬೋ, ನಾಲ್ಕು ಎಂಡ್ ಕ್ಯಾಪ್. ಹೀಗೆ ಒಂದು ಜಿಗಿತಕ್ಕೆ 8.8 ಮೀಟರ್ ಪೈಪು. ಆರಕ್ಕೆ ಒಂಬತ್ತು ಪೈಪು ಲೆಕ್ಕಕ್ಕೆ ಸರಿ, ಕತ್ತರಿಸುವಾಗ ಹಾಳಾಗುವುದಕ್ಕೆ ಸೇರಿಸಿ ಹತ್ತು ತನ್ನಿ. ಸಾಲುಕಂಬಕ್ಕೆ ಎರಡು ಪೈಪು ಬೇರೆ. ಮೇಲಿನ ಚೌಕಟ್ಟಿಗೆ ಗೋಂದು ಹಾಕಿ, ಪಾದದ ಟೀಗೆ ಹಾಕಬೇಡಿ, ಬಿಚ್ಚಿ ಆಟೊದಲ್ಲಿ ಸಾಗಿಸಬಹುದು. ಪಾದದ ತುಂಡುಗಳಲ್ಲಿ ಮರಳು ತುಂಬಿ ಕ್ಯಾಪ್ ಹಾಕಿ, ಇಲ್ಲದಿದ್ದರೆ ಆಷಾಢದ ಗಾಳಿಗೆ ಒಂದೂ ನಿಲ್ಲದು.

ಅಡ್ಡಪೈಪನ್ನು ಹಿಡಿಯುವ ಬಟ್ಟಲು ಬಹಳ ಮುಖ್ಯ. ನಾಯಿ ಯಾವ ಕಡೆಯಿಂದ ತಾಗಿದರೂ ಪೈಪು ಬಿದ್ದುಹೋಗಬೇಕು. ಕಟ್ಟಿದ ಪೈಪು ಕಾಲು ಮುರಿಯುತ್ತದೆ. 40 ಎಂಎಂ ಪೈಪನ್ನು 4 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಮೂರು ಹೋಳು ಸೀಳಿ. ಆ ತಗ್ಗು ಹೋಳನ್ನು ಸಣ್ಣ ಎಲ್ ಕ್ಲಾಂಪಿಗೆ ಸ್ಕ್ರೂ ಮಾಡಿ ಒಳಗಿನ ನಿಲುವಿಗೆ ಬೋಲ್ಟ್ ಹಾಕಿ. ನಿಲುವಿನಲ್ಲಿ 15, 25, 35, 45, 55 ಸೆಂ.ಮೀ.ಗೆ ತೂತಿರಲಿ. ಸ್ಕ್ರೂ ತುದಿ ಎಲ್ಲಿಯೂ ಹೊರಚಾಚಬಾರದು.

ಸಾಲುಕಂಬಕ್ಕೆ 10 ಎಂಎಂ ಕಬ್ಬಿಣದ ಸರಳನ್ನು 45 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, 25 ಸೆಂ.ಮೀ. ನೆಲಕ್ಕೆ ಹೊಡೆದು, ಮೇಲೆ 1 ಮೀಟರ್ ಪೈಪು ತೂರಿಸಿ. ಕಂಬದಿಂದ ಕಂಬಕ್ಕೆ 60 ಸೆಂ.ಮೀ. ತರಗತಿ ಮುಗಿದ ಮೇಲೆ ಸರಳುಗಳನ್ನು ಕಿತ್ತು ಎಣಿಸಿ ಒಳಗಿಡಿ. ಬರಿಯ ಸರಳು ನೆಲದಲ್ಲಿ ಉಳಿದರೆ ಸಂಜೆ ಕ್ರಿಕೆಟ್ ಆಡುವ ಹುಡುಗರ ಕಾಲಿಗೆ ಚುಚ್ಚುತ್ತದೆ.

ಟನೆಲ್ ಮಾತ್ರ ಕೊಳ್ಳುವುದೇ ಲೇಸು: 60 ಸೆಂ.ಮೀ. ವ್ಯಾಸ, 3ರಿಂದ 6 ಮೀಟರ್ ಉದ್ದ. ಮಕ್ಕಳ ಆಟದ ಟನೆಲ್ ಅಭ್ಯಾಸದ ಆರಂಭಕ್ಕೆ, ಸಣ್ಣ ನಾಯಿ ನಿಧಾನ ನಡೆಯುವುದಕ್ಕಷ್ಟೇ. ರಭಸಕ್ಕೆ ಅದರ ಬಟ್ಟೆ ಹರಿದು ತಂತಿ ಹೊರಬರುತ್ತದೆ. ಎರಡು ಮರಳುಚೀಲವನ್ನು ಅಗಲ ಪಟ್ಟಿಯಿಂದ ಜೋಡಿಸಿ ಟನೆಲ್ ಮೇಲೆ ಎರಡೂ ಬದಿಗೆ ಇಳಿಬಿಟ್ಟರೆ ಅದು ಹೊರಳುವುದಿಲ್ಲ. ಪ್ಲಾಸ್ಟಿಕ್ ಡ್ರಮ್, ಸಿಮೆಂಟ್ ಪೈಪು ಬೇಡ.

ಎತ್ತರದ ಡಾಗ್ ವಾಕ್ (ಸೇತುವೆಯಂಥ ನಡಿಗೆ ಹಲಗೆ), ಎ-ಫ್ರೇಮ್ (ಗುಡಾರದಂತೆ ಜೋಡಿಸಿದ ಎರಡು ಇಳಿಜಾರು ಹಲಗೆ), ಸೀಸಾ (ಏರಿಳಿಯುವ ತೂಗುಹಲಗೆ) ಇವನ್ನು ಮೊದಲ ವರ್ಷ ಮಾಡಿಸಲೇಬೇಡಿ. ಒಂದು 8×4 ಅಡಿಯ 19 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲಿ 30 ಸೆಂ.ಮೀ. ಅಗಲದ ನಾಲ್ಕು ಹಲಗೆ ಬರುತ್ತವೆ. ಅಡಿಗೆ ರೀಪು ಹೊಡೆದು, ಮೇಲೆ ಪೇಂಟಿನ ಹಸಿಯಲ್ಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ ಒಣಗಿಸಿದರೆ ಜಾರದು. ತುದಿಯ 90 ಸೆಂ.ಮೀ.ಗೆ ಹಳದಿ, ಉಳಿದದ್ದಕ್ಕೆ ನೀಲಿ ಬಳಿಯಿರಿ. ನಾಯಿಯ ಕಣ್ಣು ಕೆಂಪು, ಹಸಿರನ್ನು ಬೇರ್ಪಡಿಸಲಾರದು. ಈ ಎರಡು ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಮುಂದೆ ದೊಡ್ಡ ಸಾಮಾನು ಮಾಡಿಸುವಾಗ ಎಫ್‌ಸಿಐ ಅಳತೆ ಹೀಗೆ: ಡಾಗ್ ವಾಕ್ ಎತ್ತರ 120ರಿಂದ 130 ಸೆಂ.ಮೀ., ಎ-ಫ್ರೇಮ್ ತುದಿ 170 ಸೆಂ.ಮೀ., ಸೀಸಾದ ನಡು 60 ಸೆಂ.ಮೀ. ಸೀಸಾ ತೂಗಿದೆಯೇ ಎಂದು ನೋಡಲು ಇಳಿಯುವ ತುದಿಯ ಹಳದಿ ಪಟ್ಟಿಯ ನಡುವೆ 1 ಕಿಲೋ ತೂಕ ಇಡಿ, ಎರಡರಿಂದ ಮೂರು ಸೆಕೆಂಡಿನಲ್ಲಿ ನೆಲ ಮುಟ್ಟಬೇಕು.

ಒಂದೊಂದೇ ಅಡೆತಡೆ

ಜಿಗಿತವನ್ನು ಪೈಪು ನೆಲದ ಮೇಲಿಟ್ಟೇ ಶುರುಮಾಡಿ. ನಾಯಿಯನ್ನು ಕೂರಿಸಿ, ಚೌಕಟ್ಟಿನ ಆಚೆ 3 ಮೀಟರಿನಲ್ಲಿ ತಿನಿಸಿನ ತಟ್ಟೆ ಇಡಿ, "ಹಾರು" ಎಂದು ಬಿಡಿ. ತಿನಿಸನ್ನು ಕೈಯಲ್ಲಿ ಹಿಡಿದು ಕರೆದರೆ ನಾಯಿ ನಿಮ್ಮ ಮುಖ ನೋಡಿಕೊಂಡು ಹಾರುತ್ತದೆ, ಮುಂದಿನ ಅಡೆತಡೆ ನೋಡುವುದಿಲ್ಲ. ವಾರಕ್ಕೊಮ್ಮೆ 5 ಸೆಂ.ಮೀ. ಏರಿಸಿ, ನಾಯಿಯ ಮೊಣಕೈ ಎತ್ತರ ಬಂದ ಮೇಲೆ ಒಂದು ತಿಂಗಳು ಅಲ್ಲೇ ನಿಲ್ಲಿಸಿ. ಸ್ಪರ್ಧೆಯ ಎತ್ತರ ಭುಜದ ಅಳತೆಯ ಮೇಲೆ: 35 ಸೆಂ.ಮೀ.ಗಿಂತ ಗಿಡ್ಡ ನಾಯಿಗೆ 25ರಿಂದ 30, 43ರ ಒಳಗಿನವಕ್ಕೆ 35ರಿಂದ 40, 48ರ ಒಳಗಿನವಕ್ಕೆ 45ರಿಂದ 50, ಅದಕ್ಕಿಂತ ಎತ್ತರದವಕ್ಕೆ 55ರಿಂದ 60 ಸೆಂ.ಮೀ. ಅಭ್ಯಾಸದಲ್ಲಿ ಪೂರ್ಣ ಎತ್ತರ ವಾರಕ್ಕೆ ಒಂದು ದಿನ ಸಾಕು. ಒಂದು ಸರದಿಗೆ ಹತ್ತು ಹನ್ನೆರಡು ಜಿಗಿತ ಮೀರಬೇಡಿ. ಪೈಪು ಬೀಳಿಸುವ ನಾಯಿಯನ್ನು ಗದರಬೇಡಿ. ನೀವು ತಡವಾಗಿ ಹೇಳಿದಿರೋ, ಜಿಗಿಯುತ್ತಿರುವಾಗಲೇ ಕರೆದಿರೋ, ನೆಲ ಜಾರುತ್ತಿದೆಯೋ ನೋಡಿ. ಚೆನ್ನಾಗಿ ಹಾರುತ್ತಿದ್ದ ನಾಯಿ ಒಮ್ಮೆಗೇ ಬೀಳಿಸತೊಡಗಿದರೆ ಅದು ಬಹುಪಾಲು ನೋವು. ಪಶುವೈದ್ಯರಿಗೆ ತೋರಿಸಿ.

ಟನೆಲ್ ಸುಲಭ. ಪೂರ್ತಿ ಮಡಚಿ ಬಳೆಯಷ್ಟು ಮಾಡಿ ದಾಟಿಸಿ, ಅರ್ಧ ಅರ್ಧ ಮೀಟರ್ ಉದ್ದ ಮಾಡುತ್ತ ಹೋಗಿ, ನೇರವಾದದ್ದು ಪೂರ್ತಿ ಬಂದ ಮೇಲೆ ಬಗ್ಗಿಸಿ. ಒಳಗೆ ತಳ್ಳಬೇಡಿ.

ಹಲಗೆಯಲ್ಲಿ ಕಲಿಸಬೇಕಾದ್ದು ಹತ್ತುವುದನ್ನಲ್ಲ, ಇಳಿಯುವ ತುದಿಯಲ್ಲಿ ನಿಲ್ಲುವುದನ್ನು. ಹಿಂಗಾಲೆರಡು ಹಳದಿಯ ಮೇಲೆ, ಮುಂಗಾಲೆರಡು ನೆಲದ ಮೇಲೆ. ಮೊದಲು ನಾಯಿಯನ್ನು ಪಕ್ಕದಿಂದಲೇ ತುದಿಯಲ್ಲಿ ಹೀಗೆ ನಿಲ್ಲಿಸಿ, ಮುಂಗಾಲ ಬಳಿ ನೆಲದ ಮೇಲೆ ತಿನಿಸಿಡಿ. ಕೈಯಿಂದ ಕೊಟ್ಟರೆ ತಲೆ ನಿಮ್ಮ ಕಡೆ ತಿರುಗಿ ಮೈ ಸೊಟ್ಟಗಾಗುತ್ತದೆ. ಆಮೇಲೆ ಹಲಗೆಯ ಕೊನೆಯ ಒಂದು ಹೆಜ್ಜೆ, ಎರಡು ಹೆಜ್ಜೆ, ಅರ್ಧ ಹಲಗೆ, ಪೂರ್ತಿ. ನೆಲದಲ್ಲಿ ತಪ್ಪಿಲ್ಲದೆ ಬಂದ ಮೇಲೆ ಇಟ್ಟಿಗೆ ಇಟ್ಟು 20 ಸೆಂ.ಮೀ. ಏರಿಸಿ. ನೀವು ಮುಂದೆ ಓಡಿದರೂ, ಹಿಂದೆ ಉಳಿದರೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಸೀಸಾಕ್ಕೆ ಮುನ್ನ 60×60 ಸೆಂ.ಮೀ. ಪ್ಲೈವುಡ್ ಅಡಿಗೆ ಕಾಲುಚೀಲದಲ್ಲಿ ಸುತ್ತಿದ ಟೆನಿಸ್ ಚೆಂಡು ಕಟ್ಟಿ ಅಲುಗುವ ಹಲಗೆ ಮಾಡಿಕೊಡಿ. ನಾಯಿ ಸೀಸಾಕ್ಕೆ ಹೆದರುವುದು ಎತ್ತರಕ್ಕಲ್ಲ, ಕಾಲಡಿ ಸರಿಯುವುದಕ್ಕೆ ಮತ್ತು ಢಬ್ ಎನ್ನುವ ಸದ್ದಿಗೆ. ಈ ಎರಡನ್ನೂ ತಾನೇ ಉಂಟುಮಾಡಿ ತಿನಿಸು ಗಿಟ್ಟಿಸಿದ ನಾಯಿ ಮುಂದೆ ಹೆದರದು.

ಸಾಲುಕಂಬಕ್ಕೆ ಹೆಚ್ಚು ತಾಳ್ಮೆ ಬೇಕು, ಪೂರ್ತಿ ಬರಲು ತಿಂಗಳುಗಳೇ ಹಿಡಿಯುತ್ತವೆ. ನಿಯಮವೆಂದರೆ ಮೊದಲ ಕಂಬ ಸದಾ ನಾಯಿಯ ಎಡಭುಜಕ್ಕೆ ಇರಬೇಕು. ಕಲಿಸುವ ಸರಳ ದಾರಿ ಓಣಿ ಪದ್ಧತಿ. ಬೆಸ ಸಂಖ್ಯೆಯ ಕಂಬಗಳನ್ನು ಒಂದು ಬದಿಗೆ, ಸಮ ಸಂಖ್ಯೆಯವನ್ನು ಇನ್ನೊಂದು ಬದಿಗೆ ಸರಿಸಿ ನಡುವೆ 60 ಸೆಂ.ಮೀ. ಓಣಿ ಮಾಡಿ. ನಾಯಿ ನೇರ ಓಡಿ ಆಚೆಯ ತಟ್ಟೆ ಮುಟ್ಟಲಿ. ಎರಡು ಮೂರು ದಿನಕ್ಕೊಮ್ಮೆ 5 ಸೆಂ.ಮೀ. ಓಣಿ ಕಿರಿದುಮಾಡಿ. ಹತ್ತರಲ್ಲಿ ಎಂಟು ಸಲ ಸರಿ ಬಂದರಷ್ಟೇ ಮುಂದಿನ ಹೆಜ್ಜೆ. 15 ಸೆಂ.ಮೀ.ಗೆ ಬಂದಾಗ ನಾಯಿ ಮೈ ಬಳುಕಿಸತೊಡಗುತ್ತದೆ, ಅಲ್ಲಿ ವಾರಗಟ್ಟಲೆ ನಿಲ್ಲಬೇಕಾದೀತು. ಹತ್ತನೆಯ ಕಂಬದ ಬಳಿ ಹೊರಬೀಳುವುದು ಸಾಮಾನ್ಯ ತಪ್ಪು. ಅಲ್ಲಿಗೆ ನೀವು ಮುಂದಿನ ಅಡೆತಡೆಯತ್ತ ವಾಲಿರುತ್ತೀರಿ, ನಾಯಿ ನಿಮ್ಮನ್ನು ಓದಿರುತ್ತದೆ. ಕೊನೆಯ ಕಂಬ ದಾಟುವವರೆಗೆ ನೇರ ನಡೆಯಿರಿ. ಒಂದೂವರೆ ವರ್ಷಕ್ಕೆ ಮುಂಚೆ, ಓಣಿ ಪೂರ್ತಿ ಮುಚ್ಚಿ ಕಂಬಗಳು ಒಂದೇ ಸಾಲಾದಾಗ ನಾಯಿಯನ್ನು ಓಡಿಸಬೇಡಿ, ಬೆನ್ನುಮೂಳೆಗೆ ಒಳ್ಳೆಯದಲ್ಲ.

ಓಡುವವರು ನೆನಪಿಡಬೇಕಾದ್ದು: ನಾಯಿ ಬಾಯಿಮಾತಿಗಿಂತ ಮೊದಲು ಪಾದ ಮತ್ತು ಭುಜ ನೋಡುತ್ತದೆ. ಕೈ ಎಡಕ್ಕೆ ತೋರಿಸಿ ಪಾದ ಬಲಕ್ಕಿದ್ದರೆ ನಾಯಿ ಬಲಕ್ಕೇ ಹೋಗುತ್ತದೆ, ತಪ್ಪು ಅದರದ್ದಲ್ಲ. ತಿರುವಿನ ಸೂಚನೆ ನಾಯಿ ನೆಲ ಬಿಡುವ ಮುಂಚೆಯೇ ಸಿಗಬೇಕು.

ಕ್ಲಬ್ ನಡೆಸುವುದು

ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ನೋಂದಾಯಿಸಬಹುದು. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ ತಪ್ಪಬಾರದು. ಶಾಲೆಯ ಮೈದಾನವನ್ನೋ ಪಾಲಿಕೆಯ ಜಾಗವನ್ನೋ ಕೇಳುವಾಗ, ಬ್ಯಾಂಕ್ ಖಾತೆ ತೆರೆಯುವಾಗ ಈ ಪತ್ರ ಕೆಲಸಕ್ಕೆ ಬರುತ್ತದೆ. ಮೊದಲ ಆರು ತಿಂಗಳು ಗೆಳೆಯರ ಬಳಗವಾಗಿಯೇ ನಡೆಸಿ, ಯಾರು ನಿಜವಾಗಿ ಬೆಳಗ್ಗೆ ಆರಕ್ಕೆ ಬರುತ್ತಾರೆ ಎಂದು ನೋಡಿ ಆಮೇಲೆ ನೋಂದಾಯಿಸುವುದು ಜಾಣತನ. ಶುಲ್ಕ ನಿಗದಿಗೆ ತಿಂಗಳ ಬಾಡಿಗೆ, ನೀರು, ಜೊತೆಗೆ ಸಾಮಾನಿನ ಒಟ್ಟು ಬೆಲೆಯ ಇಪ್ಪತ್ತನೇ ಒಂದು ಭಾಗ ಸೇರಿಸಿ ಸದಸ್ಯರ ಸಂಖ್ಯೆಯಿಂದ ಭಾಗಿಸಿ. ಪಿವಿಸಿ ಬಿಸಿಲಿಗೆ ಪೆಡಸಾಗಿ ಒಡೆಯುವುದರಿಂದ ಬದಲಿ ಸಾಮಾನಿನ ಹಣ ತಿಂಗಳು ತಿಂಗಳು ಕೂಡಬೇಕು.

ಒಬ್ಬ ತರಬೇತುದಾರರಿಗೆ ಆರು ನಾಯಿ, ಹೆಚ್ಚು ಬೇಡ. ಒಂದು ಗಂಟೆಯಲ್ಲಿ ನೆಲ ನೋಡಲು 5 ನಿಮಿಷ, ನಡಿಗೆ ಮತ್ತು ನಿಧಾನ ಓಟಕ್ಕೆ 8, ಪ್ರತಿ ನಾಯಿಗೆ ಮೂರು ನಿಮಿಷದ ಎರಡು ಸರದಿ, ಅಂದರೆ 36, ಕೊನೆಗೆ ತಣಿಯುವ ನಡಿಗೆ 8. ಸರದಿಯಿಲ್ಲದ ನಾಯಿಗಳ ನಡುವೆ 5 ಮೀಟರ್ ಅಂತರ, ಹಗ್ಗ 1.5 ಮೀಟರ್ ಮೀರದ್ದು. ಕಾಯುವ ನಾಯಿಗೆ ಗೋಣಿಚೀಲವೊಂದು ಹಾಸಿ ಅದರ ಮೇಲೆ ಮಲಗುವುದನ್ನು ಕಲಿಸಿ. ಕ್ಲಬ್ ಉಳಿಯುವುದೂ ಒಡೆಯುವುದೂ ಈ ಕಾಯುವ ಹೊತ್ತಿನಲ್ಲೇ, ಜಗಳವೆಲ್ಲ ಇಲ್ಲಿಂದಲೇ ಹುಟ್ಟುವುದು. ಬಾಗಿಲಲ್ಲಿ ಒಬ್ಬರು ನಿಂತು, "ಅಣ್ಣಾ, ಒಳಗಿನ ನಾಯಿ ಹೊರಗೆ ಬರ್ಲಿ, ಆಮೇಲೆ ನಿಮ್ದು ಬಿಡ್ರಿ", "ಅಕ್ಕಾರೇ, ಹಗ್ಗ ಸ್ವಲ್ಪ ಗಿಡ್ಡ ಹಿಡ್ಕಳ್ರಿ" ಎಂದು ಪ್ರತಿಸಲ ಹೇಳಲೇಬೇಕು. ಗೊತ್ತಿರುವವರಿಗೂ ಹೇಳಬೇಕು.

ಸೇರಿಸಿಕೊಳ್ಳುವ ಮುಂಚೆ ಲಸಿಕೆ ಕಾರ್ಡ್ ನೋಡಿ: ರೇಬೀಸ್ ಮತ್ತು ಪಾರ್ವೊ, ಡಿಸ್ಟೆಂಪರ್, ಲೆಪ್ಟೊ ಸೇರಿದ ಲಸಿಕೆ, ಎರಡೂ ವರ್ಷದೊಳಗಿನವು. ಹೊಸ ನಾಯಿ ಮೊದಲ ಸಲ ಒಂಟಿಯಾಗಿ, ತರಗತಿಯಿಲ್ಲದ ಹೊತ್ತಿಗೆ ಬರಲಿ. ಬೆದೆಗೆ ಬಂದ ಹೆಣ್ಣುನಾಯಿಗೆ ಮೂರು ವಾರ ರಜೆ. ಓಡುವಾಗ ಚೋಕ್ ಚೈನ್, ಮುಳ್ಳುಬೆಲ್ಟು ಬೇಡ, ಚಪ್ಪಟೆ ಬೆಲ್ಟು ಮಾತ್ರ. ಅದೂ ಎಲ್ಲಾದರೂ ಸಿಕ್ಕಿಕೊಳ್ಳುವಂತಿದ್ದರೆ ಬಿಚ್ಚಿಬಿಡಿ. ತನ್ನ ನಾಯಿಯ ಹೇಲನ್ನು ತಾನೇ ಎತ್ತಬೇಕು, ಡಾಕ್ಟರಿರಲಿ ವಕೀಲರಿರಲಿ. ಮನೆಗೆ ಹೋದಮೇಲೆ ಕಿವಿಯ ಒಳಗೆ, ಬೆರಳಸಂದಿಯಲ್ಲಿ ಉಣ್ಣೆ ಹುಡುಕಬೇಕು. ಉಣ್ಣೆಜ್ವರ ಬಂದ ನಾಯಿ ತಿಂಗಳುಗಟ್ಟಲೆ ಓಡಲಾರದು.

ಕಚ್ಚಿದರೆ ಏನು ಮಾಡಬೇಕೆಂದು ಬರೆದು ಅಂಟಿಸಿ. ನಾಯಿಗಳನ್ನು ಬಿಡಿಸುವಾಗ ನಡುವೆ ಕೈ ಹಾಕಬೇಡಿ, ಹಲಗೆ ಅಡ್ಡ ಇಡಿ ಇಲ್ಲವೇ ಡ್ರಮ್ಮಿನ ನೀರು ಎರಚಿ. ಮನುಷ್ಯರಿಗೆ ಹಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ನಾಯಿಗೆ ಲಸಿಕೆ ಆಗಿದ್ದರೂ ವೈದ್ಯರಿಗೆ ತೋರಿಸದೆ ಬಿಡಬೇಡಿ. ಆ ನಾಯಿಯನ್ನು ಹತ್ತು ದಿನ ಗಮನಿಸಿ.

ಸ್ನೇಹ ಸ್ಪರ್ಧೆ

ವರ್ಷದ ಕೊನೆಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಒಂದು ಬೆಳಗ್ಗೆ ಸ್ಪರ್ಧೆ ಇಡಿ. ಟಿಕೆಟ್ ಇಟ್ಟು ಜನರಿಗೆ ಪ್ರಾಣಿಗಳ ಆಟ ತೋರಿಸಲು 1960ರ ಕಾಯ್ದೆಯಡಿ ನೋಂದಣಿ ಬೇಕಾಗುತ್ತದೆ, ಆದ್ದರಿಂದ ಟಿಕೆಟ್ ಬೇಡ. ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿ ಪಡೆಯಿರಿ, ಆದರೆ ಮೈಕ್ ಇಲ್ಲದಿದ್ದರೇ ನಾಯಿಗಳಿಗೆ ಹಿತ. ಪಟಾಕಿ, ತಮಟೆ ಖಂಡಿತ ಬೇಡ.

ಮೊದಲ ಸ್ಪರ್ಧೆಗೆ ಆರು ಜಿಗಿತ, ಎರಡು ಟನೆಲ್, ಒಂದು ತಗ್ಗು ಹಲಗೆ ಸಾಕು. ಅಡೆತಡೆಗಳ ನಡುವೆ 5ರಿಂದ 7 ಮೀಟರ್. ನಾಯಿ ಓಡುವ ದಾರಿಯಲ್ಲೇ ಟೇಪು ಹಿಡಿದು ಅಳೆಯಿರಿ. ದಾರಿ 70 ಮೀಟರ್ ಇದ್ದು ಸೆಕೆಂಡಿಗೆ 2 ಮೀಟರ್ ವೇಗ ಇಟ್ಟರೆ ನಿಗದಿತ ಸಮಯ 35 ಸೆಕೆಂಡ್. ಸ್ಪರ್ಧಿಗಳಿಗೆ ನಾಯಿಯಿಲ್ಲದೆ ಕೋರ್ಸ್ ನಡೆದು ನೋಡಲು 8 ನಿಮಿಷ ಕೊಡಿ. ಪೈಪು ಬಿದ್ದರೆ 5 ತಪ್ಪಂಕ, ಹಳದಿ ಮುಟ್ಟದಿದ್ದರೆ 5, ಅಡೆತಡೆಯ ಮುಂದೆ ನಿಂತರೆ ಅಥವಾ ಪಕ್ಕಕ್ಕೆ ಸರಿದರೆ 5, ಮೂರನೆಯ ಸಲ ಸರಿದರೆ ಹೊರಗೆ, ಕ್ರಮ ತಪ್ಪಿದರೂ ಹೊರಗೆ. ಸಮಯ ಮೀರಿದ ಪ್ರತಿ ಸೆಕೆಂಡಿಗೆ 1. ಎರಡು ಸ್ಟಾಪ್‌ವಾಚ್ ಹಿಡಿದು ಸರಾಸರಿ ತೆಗೆದುಕೊಳ್ಳಿ. ಸಣ್ಣ ನಾಯಿಗಳನ್ನು ಮೊದಲು ಓಡಿಸಿ ಪೈಪು ಏರಿಸುತ್ತ ಹೋದರೆ ಎತ್ತರ ಬದಲಿಸುವ ಕೆಲಸ ಮೂರೇ ಸಲ. ಹೊರಗಾದ ನಾಯಿಗೂ ಕೊನೆಯ ಒಂದು ಸುಲಭ ಜಿಗಿತ ಮಾಡಿಸಿ ತಿನಿಸು ಕೊಟ್ಟೇ ಮೈದಾನದಿಂದ ಕಳಿಸಿ, ಸೋತ ಮುಖದಲ್ಲಿ ಎಳೆದುಕೊಂಡು ಹೋದರೆ ಮುಂದಿನ ವಾರ ಅದು ಬಾಗಿಲಲ್ಲೇ ಕೂರುತ್ತದೆ.

ಬೆಳಗ್ಗೆ ಹತ್ತರೊಳಗೆ ಎಲ್ಲ ಮುಗಿಯಬೇಕು. ಬಹುಮಾನದ ಭಾಷಣಗಳನ್ನು ನಾಯಿಗಳು ಮನೆಗೆ ಹೋದ ಮೇಲೆ ಇಟ್ಟುಕೊಳ್ಳಿ.